ಚಾಕಲೇಟು ರೂಮಿನಲ್ಲಿ ಕಂಬಗಳ್ಳಿಯ ಚಳಿಗಾಲ

ಸಿಂಗಪುರದಲ್ಲಿ ಚಳಿಗಾಲ ಇಲ್ಲ. ಬೇಕಾದವರು ಕರೆಂಟು ಕೊಟ್ಟು ಮಾಡಿಕೊಳ್ಳಬೇಕು. ನನ್ನ ಆಯುಸ್ಸಿನ ಒಳ್ಳೆಯ ಭಾಗ ಆ ಕೆಲಸದಲ್ಲೇ ಕಳೆಯಿತು. ಕಾಕಿ ಬುಕಿತ್‌ನಲ್ಲಿ ಗೋದಾಮುಗಳ ಸಾಲಿನ ಕೊನೆಗೆ ಒಂದು ಕೋಲ್ಡ್ ಸ್ಟೋರ್ ಇತ್ತು. ಅದರಲ್ಲಿ ಐದು ರೂಮು, ಐದು ಬಗೆಯ ಚಳಿ. ಮೀನಿಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಕೋಳಿಗೆ ಸೊನ್ನೆಯ ಹತ್ತಿರ, ಸೊಪ್ಪು ತರಕಾರಿಗೆ ನಾಲ್ಕು, ಹೂವಿಗೆ ಎಂಟು, ಚಾಕಲೇಟಿಗೆ ಹದಿನೈದು. ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಗಾಳಿಯಿಂದಲೇ ಯಾವ ರೂಮಿನ ಯಂತ್ರ ದಣಿದಿದೆ ಎಂದು ನನಗೆ ತಿಳಿಯುತ್ತಿತ್ತು. ಮೀಟರನ್ನು ಆಮೇಲೆ ನೋಡುತ್ತಿದ್ದೆ.

ಜಂಬ ಅನ್ನಿಸಬಹುದು. ಅನ್ನಿಸಲಿ. ನಾನು ಶಾಲೆ ಬಿಟ್ಟದ್ದು ಏಳನೆಯ ಕ್ಲಾಸಿನಲ್ಲಿ. ಮನೆಯ ಕಷ್ಟಕ್ಕೆ ಬಿಟ್ಟೆ ಎಂದರೆ ಕೇಳುವವರ ಮನಸ್ಸು ಕರಗುತ್ತದೆ, ಆದರೆ ಅದು ನಿಜವಲ್ಲ. ಮಂಡ್ಯದಲ್ಲಿ ನಮ್ಮ ಶಾಲೆಯ ದಾರಿಯಲ್ಲಿ ಒಂದು ಐಸ್ ಫ್ಯಾಕ್ಟರಿ ಇತ್ತು. ಹೊರಗೆ ರಣಬಿಸಿಲು, ಒಳಗೆ ಆಳೆತ್ತರದ ಮಂಜುಗಡ್ಡೆ. ಬಿಸಿಲಿನಿಂದಲೇ ಚಳಿ ತೆಗೆಯುವ ಆ ಯಂತ್ರದ ಮುಂದೆ ನಿಂತವನು ಪಾಠಕ್ಕೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಅಲ್ಲಿ ಗ್ರೀಸು ಒರೆಸುವುದರಿಂದ ಶುರುಮಾಡಿ ಸಿಂಗಪುರದ ಐದು ರೂಮಿನವರೆಗೆ ಬಂದದ್ದು ನನ್ನ ಎರಡು ಕೈಗಳಿಂದ, ಎರಡು ಕಿವಿಗಳಿಂದ.

ಎರಡು ಸಾವಿರದ ಈಚೆಯ ಆ ವರ್ಷಗಳಲ್ಲಿ ಊರ ತುಂಬ ಕ್ರೇನುಗಳಿದ್ದವು. ಹೊಸ ಹೋಟೆಲು, ಹೊಸ ಕಾಂಡೊ, ಹೊಸ ಮಾಲು. ಹೋಟೆಲುಗಳಿಗೆ ಹೂವು ಬೇಕು, ಮಾಲುಗಳಿಗೆ ಚಾಕಲೇಟು ಬೇಕು. ನಮ್ಮ ರೂಮುಗಳು ಬಿರಿಯುವಷ್ಟು ತುಂಬಿರುತ್ತಿದ್ದವು. ಬೆಂಗಳೂರು ಮೈಸೂರು ಕಡೆಯಿಂದ ಬ್ಯಾಂಕಿನವರು, ಎಂಜಿನಿಯರುಗಳು, ಕಾಲೇಜಿನಲ್ಲಿ ಪಾಠ ಹೇಳುವವರು ಬಂದು ನೆಲೆಸುತ್ತಿದ್ದರು. ವರ್ಷಕ್ಕೊಮ್ಮೆ ಯುಗಾದಿಗೆ ಕನ್ನಡದವರೆಲ್ಲ ಒಂದು ಕಡೆ ಸೇರಿ ಊಟ ಮಾಡುತ್ತಿದ್ದೆವು. ನಾನೂ ಹೋಗುತ್ತಿದ್ದೆ. ಬಡಿಸುವುದಕ್ಕೆ ಕರೆದರೆ ಬಡಿಸುತ್ತಿದ್ದೆ, ಕರೆಯದಿದ್ದರೂ ಬಡಿಸುತ್ತಿದ್ದೆ. ಕೈಯಲ್ಲಿ ಸೌಟು ಇದ್ದರೆ 'ನೀವೆಲ್ಲಿ ಕೆಲಸ ಮಾಡೋದು' ಎಂದು ಯಾರೂ ಕೇಳುವುದಿಲ್ಲ.

ಒಂದು ವರ್ಷ ಅಂಥ ಊಟದಲ್ಲಿ ಒಬ್ಬರು ಕೇಳಿದರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಿದ್ದವರು, ಮೈಸೂರಿನವರು, ಕನ್ನಡಕದ ಮೇಲಿಂದ ನೋಡುವ ಅಭ್ಯಾಸದವರು. ಅವರನ್ನು ನಾನು ಕೊನೆಯವರೆಗೂ ಸಾರ್ ಎಂದೇ ಕರೆದೆ. ಕೋಲ್ಡ್ ಸ್ಟೋರಿನಲ್ಲಿ ಎಂದು ನಾನು ಹೇಳಿದ್ದೇ ತಡ, ಅವರು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟರು.

"ಎಷ್ಟು ಡಿಗ್ರಿ ಇಟ್ಟಿರ್ತೀರಿ?"

ಅಷ್ಟು ವರ್ಷದಲ್ಲಿ ಕನ್ನಡದವರೊಬ್ಬರು ನನ್ನನ್ನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಯಾವ ರೂಮಿಂದು ಸಾರ್?"

"ಹತ್ತು ಡಿಗ್ರಿದು ಇದೆಯಾ?"

"ಎಂಟರದ್ದಿದೆ, ಹದಿನೈದರದ್ದಿದೆ. ಏನಿಡ್ಬೇಕು ಸಾರ್, ಮಾವಿನಹಣ್ಣಾ?"

"ಅಲ್ಲ. ಒಂದು ಗಿಡ."

ಪಕ್ಕದಲ್ಲಿ ಕುಳಿತಿದ್ದ ಬ್ಯಾಂಕಿನವರು ನಕ್ಕರು. "ಏನ್ ಸಾರ್, ಊರಲ್ಲಿರೋರೆಲ್ಲ ಗಿಡಾನ ಬಿಸಿಲಿಗಿಟ್ರೆ ನೀವು ಫ್ರಿಜ್ಜಿಗೆ ಇಡ್ತೀರಲ್ಲ!"

ಸಾರ್ ನಗಲಿಲ್ಲ. ನನಗೆ ಮಾತ್ರ, "ಒಂದಿನ ಮನೆಗೆ ಬನ್ನಿ" ಎಂದರು.

ಹೋಗಲು ನವೆಂಬರ್ ಆಯಿತು. ಮನೆ ಬೂನ್ ಲೇಯಲ್ಲಿ, ಹತ್ತನೆಯ ಮಹಡಿ. ಬಾಗಿಲ ಮುಂದಿನ ಕಾರಿಡಾರಿನಲ್ಲಿ, ಚಪ್ಪಲಿ ಗೂಡಿನ ಪಕ್ಕ, ಸೊಂಟದೆತ್ತರದ ಒಂದು ಕಳ್ಳಿ ಕಂಬದ ಹಾಗೆ ನಿಂತಿತ್ತು. ಬುಡದ ಹತ್ತಿರ ತೋಳಿನಷ್ಟು ದಪ್ಪ. ಮೇಲೆ ಹೋಗುತ್ತ ಹೋಗುತ್ತ ಸಣ್ಣದಾಗಿ, ತುದಿಯಲ್ಲಿ ಮೇಣದಬತ್ತಿಯ ಹಾಗೆ ಬಿಳಿಚಿಕೊಂಡಿತ್ತು. ಬುಡದ ಸುತ್ತ ಒಣಗಿದ ಮೂರು ಗಾಯದ ಗುರುತು.

"ಇನ್ನೂ ಮೂರು ಕಂಬ ಇತ್ತು" ಎಂದರು ಸಾರ್. "ಎಲ್ಲ ಕೊಳೆತು ಹೋದ್ವು. ಪ್ರತಿ ಡಿಸೆಂಬರ್ ಮಳೆಗೆ ಒಂದೊಂದು. ಇದೊಂದೇ ಉಳಿದಿರೋದು. ಬೆರಳುದ್ದ ಇದ್ದಾಗ ಒಬ್ಬರು ಕೊಟ್ಟಿದ್ದು, ಹನ್ನೊಂದು ವರ್ಷ ಸಾಕಿದೀನಿ."

"ತುದಿ ಯಾಕೆ ಸಾರ್ ಹೀಗಾಗಿದೆ?"

"ನಿದ್ದೆ ಇಲ್ಲ ಕಣ್ರೀ ಇದಕ್ಕೆ. ಇದರ ಊರಲ್ಲಿ ವರ್ಷಕ್ಕೆರಡು ತಿಂಗಳು ಚಳಿ ಬರುತ್ತೆ, ನೀರಿರಲ್ಲ, ಬೆಳೆಯೋದು ನಿಲ್ಲಿಸಿ ಮಲಗುತ್ತೆ. ಇಲ್ಲಿ ಹನ್ನೆರಡು ತಿಂಗಳೂ ಸೆಕೆ, ಹನ್ನೆರಡು ತಿಂಗಳೂ ಎಚ್ಚರ. ಎಚ್ಚರ ಇದ್ದು ಇದ್ದು ಬಡಕಲಾಗಿದೆ."

ನನಗೆ ಅದು ಚೆನ್ನಾಗಿ ಅರ್ಥವಾಯಿತು. ಡಬಲ್ ಶಿಫ್ಟ್ ಮಾಡುವವರ ಮುಖ ಹಾಗೇ ಇರುತ್ತದೆ.

ಸಾರ್ ದಂಪತಿಗಳು ಡಿಸೆಂಬರ್ ಮೊದಲಲ್ಲಿ ಊರಿಗೆ ಹೊರಟವರು ಎರಡು ತಿಂಗಳು ಬರುವುದಿಲ್ಲ. ಅಷ್ಟರಲ್ಲಿ ಮಳೆ ಈ ಕೊನೆಯ ಕಂಬವನ್ನೂ ತೆಗೆದುಕೊಂಡು ಹೋಗುತ್ತದೆ. ನನ್ನ ರೂಮಿನಲ್ಲಿ ಇದಕ್ಕೊಂದು ಚಳಿಗಾಲ ಸಿಗುತ್ತದೆಯೇ ಎಂಬುದು ಅವರ ಪ್ರಶ್ನೆ. ಆದರೆ ಅದಕ್ಕೆ ಮೊದಲು ಒಂದು ಅನುಮಾನ ಬಗೆಹರಿಯಬೇಕಿತ್ತು. ಕಂಬದಂತೆ ಬೆಳೆಯುವ ಮುಳ್ಳು ಗಿಡದಲ್ಲಿ ಎರಡು ಕುಲವಿದೆಯಂತೆ. ಒಂದು ನಮ್ಮ ಕಡೆ ಬೇಲಿಗೆ ಹಾಕುವ ಹಾಲುಗಳ್ಳಿಯ ಕುಲ. ಚಳಿಗೆ ಇಟ್ಟರೆ ಸತ್ತೇ ಹೋಗುತ್ತದೆ. ಇನ್ನೊಂದು ಪಾಪಾಸುಕಳ್ಳಿಯ ಕುಲ. ಬುಡ ಒಣಗಿದ್ದರೆ ಚಳಿ ಅದಕ್ಕೆ ಹಾಸಿಗೆ ಇದ್ದ ಹಾಗೆ. ಇದು ಯಾವುದು? ಸಾರ್ ಒಂದು ತಟ್ಟೆಯಲ್ಲಿ ಸೂಜಿ ಮತ್ತು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಇಟ್ಟುಕೊಂಡು ಆಸ್ಪತ್ರೆಯವರ ಹಾಗೆ ಸಿದ್ಧವಾಗಿದ್ದರು.

"ಸೂಜಿ ಒಳಗಿಡಿ ಸಾರ್" ಎಂದೆ.

"ಹಾಲು ಬರುತ್ತಾ ನೋಡ್ಬೇಡ್ವಾ?"

"ಹಾಲು ಬರಲ್ಲ."

"ಚುಚ್ಚದೇ ಹೇಗ್ರೀ ಹೇಳ್ತೀರಿ?"

"ಚಳಿಗೆ ಕಳಿಸೋ ಮುಂಚೆ ಗಾಯ ಯಾಕೆ ಮಾಡ್ತೀರಿ ಸಾರ್. ಮುಳ್ಳು ನೋಡಿ ಸಾಕು."

ನಮ್ಮ ಹೊಲದ ಬೇಲಿ ಪೂರ್ತಿ ಹಾಲುಗಳ್ಳಿ. ಹಾಲು ಕಣ್ಣಿಗೆ ಸಿಡಿದರೆ ಕಣ್ಣೇ ಹೋಗುತ್ತದೆ ಎಂದು ನಮ್ಮವ್ವ ಹೆದರಿಸಿದ್ದರಿಂದ ಅದನ್ನು ಮುಟ್ಟದೆ, ನೋಡಿಯೇ ತಿಳಿಯುವುದನ್ನು ಕಲಿತಿದ್ದೆ. ಹಾಲುಗಳ್ಳಿಗೆ ಮುಳ್ಳು ಎರಡೆರಡು. ಕಾಂಡದುದ್ದಕ್ಕೂ ಎದ್ದ ಏಣಿನ ಮೇಲೆ ಜೋಡಿ ಜೋಡಿಯಾಗಿ, ಕರುವಿಗೆ ಆಗತಾನೇ ಮೊಳೆತ ಕೊಂಬಿನ ಹಾಗೆ. ಇದಕ್ಕೆ ಹಾಗಿರಲಿಲ್ಲ. ಒಂದೊಂದು ಕಡೆ ಎಂಟೊಂಬತ್ತು ಮುಳ್ಳು ಗುಂಪಾಗಿ ಎದ್ದಿದ್ದವು, ಅವುಗಳ ಕೆಳಗೆ ಚಿಟಿಕೆ ಹತ್ತಿ ಅಂಟಿಸಿದಂಥ ಒಂದು ಬಿಳಿಯ ದಿಂಬು. ಪಾಪಾಸುಕಳ್ಳಿಗೂ ಅದೇ ದಿಂಬು ಇರುತ್ತದೆ. ಹಣ್ಣು ಕೀಳಲು ಹೋದವರಿಗೆ ಗೊತ್ತು. ನಾನು ಹೇಳಿದ್ದನ್ನು ಕೇಳಿ ಸಾರ್ ಒಳಗಿಂದ ಭೂತಗನ್ನಡಿ ತಂದರು. ಒಂದು ಏಣು ನೋಡಿದರು, ಇನ್ನೊಂದು ನೋಡಿದರು. ಪುಸ್ತಕ ತೆಗೆದು ಪುಟ ತಿರುಗಿಸಿದರು. ಆಮೇಲೆ ಪುಸ್ತಕ ಮುಚ್ಚಿದರು.

"ಇದನ್ನ ಎಲ್ಲಿ ಓದಿದ್ರಿ?"

"ಬೇಲಿಲಿ ಸಾರ್."

ಅವರ ಮನೆಯಾಕೆ ಕಾಫಿ ತಂದವರು ನಕ್ಕುಬಿಟ್ಟರು. ಅವರನ್ನು ನಾನು ಮೇಡಂ ಎನ್ನುತ್ತಿದ್ದೆ. "ಬಾಗಿಲಲ್ಲಿ ಮುಳ್ಳು ಇಡ್ಬೇಡಿ ಅಂತ ಹನ್ನೊಂದು ವರ್ಷದಿಂದ ಬಡ್ಕೋತಿದೀನಿ. ನೀವಾದ್ರೂ ತಗೊಂಡ್ಹೋಗ್ರಪ್ಪ, ಪುಣ್ಯ ಬರುತ್ತೆ."

ಸಾರ್ ನನ್ನನ್ನು ಲಿಫ್ಟಿನವರೆಗೆ ಬಿಡಲು ಬಂದು, ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದರು. "ಒಂದೇ ಮಾತು. ಎರಡು ತಿಂಗಳು ಒಂದು ತೊಟ್ಟೂ ನೀರು ಬೇಡ. ಸೊರಗುತ್ತೆ, ಸುಕ್ಕಾಗುತ್ತೆ, ಹೆದರ್ಬೇಡಿ. ಚಳೀಲಿ ನೀರು ಬಿದ್ರೆ ಮಾತ್ರ ಮುಗೀತು."

"ಹೆಂಗಿದೆಯೋ ಹಂಗೇ ತಂದು ಕೊಡ್ತೀನಿ ಸಾರ್. ನನ್ನ ಜವಾಬ್ದಾರಿ" ಎಂದೆ.

ಹಾಗೆ ಹೇಳುವಾಗ ನನ್ನ ಎದೆ ಎರಡು ಅಂಗುಲ ಉಬ್ಬಿತ್ತು. ಆ ಊಟದ ಪಂಕ್ತಿಯಲ್ಲಿ ಕೂರುತ್ತಿದ್ದವರಲ್ಲಿ ಒಬ್ಬರು, ತಾವು ಹನ್ನೊಂದು ವರ್ಷ ಸಾಕಿದ ಜೀವವನ್ನು, ಸೌಟು ಹಿಡಿದವನ ಕೈಗೆ ಕೊಟ್ಟಿದ್ದರು. ಗಿಡ ಉಳಿದರೆ ನನ್ನ ಮಾತೂ ಉಳಿಯುತ್ತದೆ. ಗಿಡ ಹೋದರೆ ನಾನು ಮತ್ತೆ ಬರೀ ಬಡಿಸುವವನು.

ನಮ್ಮ ಟೌಕೆ, ಅಂದರೆ ಮಾಲೀಕ, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಮಾತಾಡುವ ಚೀನೀ ಮನುಷ್ಯ. ಹೂವಿನ ವ್ಯಾನಿನಲ್ಲಿ ಗಿಡ ಬಂದಿಳಿದಾಗ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ನಾನು ಅನುಮತಿ ಕೇಳಿದೆ.

"ಚಾಕಲೇಟು ತಿನ್ನುತ್ತಾ ಇದು?"

"ಇಲ್ಲ ಬಾಸ್."

"ನೀನು ತಿಂತೀಯ. ಇದು ತಿನ್ನಲ್ಲ. ಹಾಗಾದ್ರೆ ಓಕೆ ಲಾ."

ಸಾರ್ ಹೇಳಿದ ಹತ್ತು ಡಿಗ್ರಿಗೆ ಹತ್ತಿರವಾಗಿದ್ದದ್ದು ಹೂವಿನ ರೂಮು. ಬೇರೆ ಯಾರೇ ಆಗಿದ್ದರೂ ಅಲ್ಲೇ ಇಡುತ್ತಿದ್ದರು. ನಾನು ಇಡಲಿಲ್ಲ. ಚಳಿಯಲ್ಲೂ ಜಾತಿಯಿದೆ. ಸೇವಂತಿಗೆ ಬಾಡದಿರಲೆಂದು ಹೂವಿನ ರೂಮಿನ ಗಾಳಿಯನ್ನು ಒದ್ದೆಯಾಗಿಟ್ಟಿರುತ್ತೇವೆ. ಗೋಡೆ ಮುಟ್ಟಿದರೆ ಕೈ ಒದ್ದೆ. ಚಾಕಲೇಟಿನ ರೂಮು ಅದಕ್ಕಿಂತ ಬೆಚ್ಚಗೆ, ಆದರೆ ಒಣ. ತೇವ ತಗುಲಿದರೆ ಚಾಕಲೇಟಿನ ಮೇಲೆ ಬೂದಿ ಬಳಿದಂತಾಗುತ್ತದೆ, ಹಾಗಾಗಿ ಅಲ್ಲಿ ನೀರಿನ ಹನಿಯೂ ಇಲ್ಲ. ಐದು ಡಿಗ್ರಿ ಹೆಚ್ಚಾದರೂ ಪರವಾಗಿಲ್ಲ, ಒಣಗಿರುವುದು ಮುಖ್ಯ ಎಂದು ತೀರ್ಮಾನಿಸಿ ಅಲ್ಲಿಟ್ಟೆ. ಸಾರ್ ಊರಿನಿಂದ ಫೋನು ಮಾಡಿದಾಗ ಹೇಳಿದೆ. "ನನಗೆ ಅದು ಹೊಳೆದೇ ಇರ್ಲಿಲ್ಲ ನೋಡಿ" ಎಂದರು.

ಎರಡು ಸಲ ನಾನೇ ಸರಿಯಾಗಿದ್ದೆ. ಮೂರನೆಯ ಸಲದ ತಪ್ಪಿನ ಬೀಜ ಅದರಲ್ಲೇ ಇತ್ತೆಂದು ಈಗ ಅನ್ನಿಸುತ್ತದೆ.

ದಿನಕ್ಕೆ ಎರಡು ಬಾರಿ ಸುತ್ತು ಹಾಕುವಾಗ ಅದನ್ನು ನೋಡುತ್ತಿದ್ದೆ. ಮೊದಲ ಎರಡು ವಾರ ಏನೂ ಇಲ್ಲ. ಮೂರನೆಯ ವಾರ ಏಣುಗಳು ಎದ್ದು ಕಾಣತೊಡಗಿದವು. ಡಿಸೆಂಬರ್ ಮುಗಿಯುವ ಹೊತ್ತಿಗೆ ಏಣು ಏಣಿನ ನಡುವೆ ಬೆರಳು ಹೂತುಹೋಗುವಷ್ಟು ಹಳ್ಳ ಬಿದ್ದಿತ್ತು. ಹಸಿರು ಹೋಗಿ ಬೂದು ಬಣ್ಣ. ಬರಗಾಲದ ಎತ್ತಿನ ಪಕ್ಕೆ ನೋಡಿದವರಿಗೆ ಅದು ಹೇಗೆ ಕಾಣುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಸೊರಗುತ್ತದೆ ಎಂದು ಸಾರ್ ಹೇಳಿದ್ದು ಕಿವಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ನಮ್ಮ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನು ತಂಜಾವೂರಿನ ಕಡೆಯವನು, ನನ್ನದೇ ವಯಸ್ಸು. ಅವನು ತಮಿಳಿನಲ್ಲಿ ಮಾತಾಡುತ್ತಿದ್ದ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ, ಇಬ್ಬರಿಗೂ ಎಂದೂ ತೊಂದರೆಯಾಗಿರಲಿಲ್ಲ. ಅವನು ಗಾಡಿ ನಿಲ್ಲಿಸಿ ಕೇಳಿದ: "ಏನಯ್ಯಾ, ನಿಮ್ಮ ಸಾರ್ ಸಾಕೋಕೆ ಕೊಟ್ರಾ, ಸಾಯಿಸೋಕೆ ಕೊಟ್ರಾ?"

"ನಿದ್ದೆ ಮಾಡ್ತಿದೆ."

"ಮಾಡ್ಲಿ ಮಾಡ್ಲಿ. ಎದ್ದೇಳುತ್ತಾ ಅಂತ ನೋಡ್ಕೋ."

ಆಮೇಲೆ ಸಂಕ್ರಾಂತಿ ಬಂತು. ನಮ್ಮ ಮನೆಯಲ್ಲಿ ಆ ದಿನ ಮನುಷ್ಯರು ಮೊದಲು ಉಣ್ಣುವಂತಿಲ್ಲ. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಅವುಗಳಿಗೆ ನೀರು ಕುಡಿಸಿ, ಬಾಳೆಹಣ್ಣು ಹುಗ್ಗಿ ತಿನ್ನಿಸಿ, ಆಮೇಲೆ ನಮ್ಮ ಎಲೆ. ಬಾಯಿಲ್ಲದ ಜೀವ ಬಾಯಾರಿ ನಿಂತಿರುವಾಗ ಹಬ್ಬದ ತುತ್ತು ಎತ್ತಬಾರದು ಎಂದು ನಮ್ಮವ್ವ ಕಟ್ಟುನಿಟ್ಟು. ಊರು ಬಿಟ್ಟ ಮೇಲೆ ನನಗೆ ದನವಿಲ್ಲ, ಹಟ್ಟಿಯಿಲ್ಲ. ಅಷ್ಟು ವರ್ಷ ಆ ದಿನ ಒಂದು ಡಬ್ಬಿ ಎಳ್ಳು ಬೆಲ್ಲ ಬೆರೆಸಿ ತಂದು ಎಲ್ಲರಿಗೂ ಹಂಚಿ, ನಾನೂ ತಿಂದು, ಹಬ್ಬ ಮುಗಿಸುತ್ತಿದ್ದೆ.

ಆ ವರ್ಷ ಡಬ್ಬಿ ತೆರೆದು ಒಂದು ಚಿಟಿಕೆ ಎತ್ತಿದವನಿಗೆ ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ. ಚಾಕಲೇಟು ರೂಮಿನ ಬಾಗಿಲ ಗಾಜಿನ ಕಿಂಡಿಯಾಚೆ ಕಳ್ಳಿ ಪಕ್ಕೆ ಬಿಟ್ಟುಕೊಂಡು ನಿಂತಿತ್ತು. ನನ್ನ ಮನಸ್ಸಿನಲ್ಲಿ ನಡೆದದ್ದನ್ನು ಮುಚ್ಚಿಡುವುದಿಲ್ಲ. ಸಾರ್ ಹೇಳಿದ್ದು ಮರೆತಿರಲಿಲ್ಲ. ಆದರೆ ಗಿಡ ಯಾವುದೆಂದು ಕಂಡುಹಿಡಿದವನು ನಾನು. ಯಾವ ರೂಮು ಎಂದು ಹೇಳಿದವನು ನಾನು. ಪುಸ್ತಕ ಎರಡು ಸಲ ನನ್ನ ಮುಂದೆ ಸೋತಿತ್ತು. ಒಂದು ಲೋಟ ನೀರಿಗೆ ಏನಾಗುತ್ತದೆ? ನನಗೆ ತಿಳಿಯದ್ದೇ?

ಟೀ ಲೋಟದಲ್ಲಿ ನೀರು ಹಿಡಿದು, ತಣ್ಣೀರು ಬೇಡವೆಂದು ಸ್ವಲ್ಪ ಬಿಸಿನೀರು ಬೆರೆಸಿ, ಕುಂಡದ ಸುತ್ತ ನಿಧಾನವಾಗಿ ಹೊಯ್ದೆ. ಒಣಮಣ್ಣು ಚುಂಯ್ ಎಂದು ಸದ್ದು ಮಾಡುತ್ತ ಹೀರಿಕೊಂಡಿತು. ಆ ಸದ್ದಿಗೇ ನನ್ನ ಹೊಟ್ಟೆ ತುಂಬಿತು. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡೆ.

ಹತ್ತು ದಿನ ಏನೂ ಆಗಲಿಲ್ಲ. ನಾನು ಗೆದ್ದೆನೆಂದೇ ಇದ್ದೆ. ಹನ್ನೊಂದನೆಯ ದಿನ ಬುಡದ ಬಣ್ಣ ಕುದಿಸಿದ ಟೀಯ ಹಾಗೆ ಕಂಡಿತು. ಬೆರಳು ಒತ್ತಿದೆ. ಮಾಗಿದ ಪರಂಗಿಹಣ್ಣಿನಂತೆ ಒಳಗೆ ಹೋಯಿತು. ಆ ರೂಮಿನಲ್ಲಿ ಯಾವಾಗಲೂ ಚಾಕಲೇಟಿನ ವಾಸನೆ ಗವ್ವೆಂದು ತುಂಬಿರುತ್ತದೆ. ಬಗ್ಗಿ ಮೂಗು ಹತ್ತಿರ ತಂದಾಗ ಅದರ ಕೆಳಗೆ ಅಡಗಿದ್ದ ಕೊಳೆತ ವಾಸನೆ ಸಿಕ್ಕಿತು. ಎಷ್ಟು ದಿನದಿಂದ ಇತ್ತೋ.

ಸಾರ್ ಬರಲು ಎಂಟು ದಿನವಿತ್ತು.

ಹೊರಗೆ ಲೋಡಿಂಗ್ ಕಟ್ಟೆಯ ಮೇಲೆ ರಟ್ಟು ಹಾಸಿ ಕಂಬವನ್ನು ಮಲಗಿಸಿ, ಚಾಕುವಿಗೆ ಸ್ಪಿರಿಟ್ಟು ಒರೆಸಿ ಬುಡ ಕತ್ತರಿಸಿದೆ. ಒಳಗೆಲ್ಲ ಕಂದು ಲೋಳೆ. ಚಾಕು ಮತ್ತೆ ಒರೆಸಿ ನಾಲ್ಕು ಬೆರಳು ಮೇಲೆ ಕತ್ತರಿಸಿದೆ. ಅಲ್ಲೂ ನಡುವೆ ಕಂದು. ಇನ್ನೂ ಮೇಲೆ. ಬದನೆಕಾಯಿ ಹೋಳಿನ ಹಾಗೆ ಒಂದೊಂದೇ ಬಿಲ್ಲೆ ತೆಗೆದು ಸಾಲಾಗಿ ಇಡುತ್ತ ಹೋದೆ. ಪ್ರತಿ ಬಿಲ್ಲೆಯ ನಡುವೆ ಆ ಕಂದು ಚುಕ್ಕೆ ಚಿಕ್ಕದಾಗುತ್ತಿತ್ತು, ಆದರೆ ಹೋಗುತ್ತಿರಲಿಲ್ಲ. ಫೋರ್ಕ್‌ಲಿಫ್ಟಿನವನು ಗಾಡಿ ಆರಿಸಿ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಅಂದು ಮಾತ್ರ ತಮಾಷೆ ಮಾಡಲಿಲ್ಲ. ಒಂಬತ್ತನೆಯ ಬಿಲ್ಲೆಯ ಮೇಲೆ ಚುಕ್ಕೆ ಇರಲಿಲ್ಲ. ಸೌತೆಕಾಯಿಯಂಥ ತಿಳಿಹಸಿರು, ನಡುವೆ ಶುಭ್ರವಾದ ಬಿಳಿಯ ಬಳೆ.

ಅಷ್ಟು ಕತ್ತರಿಸಿದರೂ ಒಂದು ತೊಟ್ಟು ಹಾಲು ಬಂದಿರಲಿಲ್ಲ. ನಾನು ಹೇಳಿದ್ದು ಸರಿಯಾಗಿತ್ತು. ಅಂಥ ಸರಿಯನ್ನು ತೆಗೆದುಕೊಂಡು ಏನು ಮಾಡುವುದೆಂದು ತಿಳಿಯಲಿಲ್ಲ.

ಉಳಿದದ್ದು ಒಂದು ಮೊಳ. ಅದೂ ಆ ಬಡಕಲು ತುದಿಯ ಕಡೆಯದು. ಗಾಯ ಒಣಗಬೇಕಲ್ಲ, ಯಂತ್ರಗಳ ಬಿಸಿಗಾಳಿ ಹೊರಕ್ಕೆ ಬೀಸುವ ಫ್ಯಾನಿನ ಎದುರು, ಮಳೆ ತಾಕದ ಮೂಲೆಯಲ್ಲಿ ನೇತುಹಾಕಿದೆ. ಐದೇ ದಿನಕ್ಕೆ ಕತ್ತರಿಸಿದ ಕಡೆ ಚರ್ಮದಂತೆ ಗಟ್ಟಿಯಾಯಿತು.

ಟೌಕೆ ನನ್ನ ಮುಖ ನೋಡಿ ಏನಾಯಿತೆಂದು ಕೇಳಿ ತಿಳಿದುಕೊಂಡ. "ಇಷ್ಟೇನಾ? ಕಂಪ್ರೆಸರ್ ಟ್ರಿಪ್ ಆಯ್ತು ಅಂತ ಹೇಳ್ ಲಾ. ಪ್ರೊಫೆಸರ್ ಬಂದು ಚೆಕ್ ಮಾಡ್ತಾನಾ?"

ಫೋರ್ಕ್‌ಲಿಫ್ಟಿನವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ನೀರು ಹಾಕಿದ್ದು ನಾನು ಅಂದ್ಬಿಡು. ನಿಮ್ಮ ಸಾರ್‌ಗೆ ನಾನು ಯಾರೋ. ಬೈದ್ರೆ ನನಗೇನು ಕೇಳಿಸುತ್ತಾ?"

ಎರಡನ್ನೂ ಒಂದು ವಾರ ಬಾಯಲ್ಲಿ ಹಾಕಿಕೊಂಡು ತಿರುಗಿಸಿ ನೋಡಿದೆ. ಸುಲಭವಾಗಿದ್ದವು. ಆದರೆ ಕಂಪ್ರೆಸರ್ ನಿಂತಿತು ಎಂದರೆ ನನ್ನ ಯಂತ್ರ ನನ್ನ ಕೈಯಲ್ಲಿ ನಿಂತಿತು ಎಂದ ಹಾಗೆ. ಅಷ್ಟು ವರ್ಷದಲ್ಲಿ ಆ ರೂಮು ಒಂದು ಗಂಟೆ ಬೆಚ್ಚಗಾಗಿದ್ದಿಲ್ಲ. ಬೇರೆಯವನು ನೀರು ಹಾಕಿದ ಎಂದರೆ ನನ್ನ ರೂಮಿನಲ್ಲಿ ನನ್ನನ್ನು ಕೇಳದೆ ಯಾರೋ ಏನೋ ಮಾಡುತ್ತಾರೆ ಎಂದ ಹಾಗೆ. ಎರಡು ಸುಳ್ಳೂ ನನ್ನ ಕೆಲಸದ ಮೇಲೆ ಬೀಳುತ್ತಿದ್ದವು. ನಾನು ನಿಜ ಹೇಳಲು ಹೊರಟದ್ದು ಒಳ್ಳೆಯತನದಿಂದಲ್ಲ, ಜಂಬದಿಂದ. ಇದನ್ನು ಆಗ ಒಪ್ಪಿಕೊಳ್ಳುತ್ತಿರಲಿಲ್ಲ, ಈಗ ಬರೆಯಬಹುದು.

ಅವರು ಬಂದ ಮರುದಿನ, ಭಾನುವಾರ, ಆ ಮೊಳದುದ್ದವನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಪಾಯಾ ಲೆಬಾರ್, ಅಲ್ಲಿಂದ ಕೊನೆಯ ಸ್ಟೇಷನ್ ಬೂನ್ ಲೇವರೆಗೆ ಎಂಆರ್‌ಟಿ ರೈಲು. ಮುಳ್ಳು ಪೇಪರು ತೂರಿ ಹೊರಬಂದಿದ್ದರಿಂದ ಕೂರಲಿಲ್ಲ. ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಾಗಿಲ ಪಕ್ಕ ನಿಂತೇ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸುತ್ತಿದ್ದೆ. ಅವರ ಬಾಗಿಲು ತೆರೆದಾಗ ಒಂದೂ ನೆನಪಾಗಲಿಲ್ಲ.

ಸಾರ್ ನನ್ನ ಹಿಂದೆ ಕಾರಿಡಾರಿನಲ್ಲಿ ಇಣುಕಿದರು. "ಕುಂಡ ಎಲ್ರೀ? ವ್ಯಾನಲ್ಲಿ ಇದೆಯಾ?"

ನಾನು ಪೇಪರು ಬಿಚ್ಚಿ ಟೀಪಾಯಿಯ ಮೇಲಿಟ್ಟೆ. "ಇಷ್ಟೇ ಸಾರ್ ಉಳಿದಿರೋದು. ನೀರು ಹಾಕ್ಬಿಟ್ಟೆ."

ಅವರು ಕೂತರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಕತ್ತರಿಸಿದ ಕಡೆ ತಿರುಗಿಸಿ ನೋಡಿದರು.

"ನಾನು ಹೇಳಿದ್ದು ಒಂದೇ ಮಾತು."

"ಹೌದು ಸಾರ್."

"ಕೇಳಿಸಿರ್ಲಿಲ್ವಾ?"

"ಕೇಳ್ಸಿತ್ತು."

"ಮತ್ತೆ ಯಾಕ್ರೀ ಹಾಕಿದ್ರಿ?"

"ಸಂಕ್ರಾಂತಿ ಇತ್ತು ಸಾರ್" ಎಂದೆ. ಹಟ್ಟಿಯ ಕತೆ, ದನದ ಕತೆ ಒಂದೂ ಹೇಳಲಿಲ್ಲ. ಅಷ್ಟೇ ಬಾಯಿಂದ ಬಂದದ್ದು.

ಒಳಗಿಂದ ಮೇಡಂ ಬಂದು ಬಾಗಿಲಲ್ಲೇ ನಿಂತಿದ್ದರು. "ಹಬ್ಬದ ದಿನ ಅಲ್ವಾ ಪಾಪ" ಎಂದರು. "ನಾನಿದ್ದಿದ್ರೂ ಹಾಕ್ತಿದ್ದೆ."

ಸಾರ್ ತಟ್ಟನೆ ಅವರ ಕಡೆ ತಿರುಗಿದರು. "ಹಾಕ್ತಿದ್ದೆ ಅಲ್ಲ, ಹಾಕಿದೀಯ! ಮೂರು ಕಂಬ ಹೋಗಿದ್ದು ಬರೀ ಮಳೆಗಾ? ಶುಕ್ರವಾರ ಒಂದು ಚೊಂಬು, ಏಕಾದಶಿಗೆ ಒಂದು ಚೊಂಬು. ನಿನ್ನ ಕೈಗೆ ಸಿಗದ ಹಾಗೆ ಊರಾಚೆ ಬೀಗ ಹಾಕೋ ರೂಮಲ್ಲಿ ಇಟ್ಟು ಬಂದ್ರೆ, ಅಲ್ಲಿ ನಿನ್ನ ಅಣ್ಣನೇ ಕೂತಿದಾನೆ!"

"ಮುಳ್ಳು ಬೇಡ ಅಂದಿದ್ದೆ, ಸಾಯ್ಲಿ ಅಂದಿದ್ನಾ?" ಎಂದರು ಮೇಡಂ. "ನೋಡ್ತಾ ನೋಡ್ತಾ ಒಂದು ಗಿಡಾನ ಒಣಗಿಸೋಕೆ ಕಲ್ಲಾಗಿರ್ಬೇಕು."

"ಕಲ್ಲಾಗೇ ಇರ್ಬೇಕು. ಎರಡು ತಿಂಗಳು."

ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಗು ಬರುತ್ತದೆಂದುಕೊಂಡೆ, ಬರಲಿಲ್ಲ. ಮೇಡಂ ನನಗೆ ಕಾಫಿ ಕೊಟ್ಟರು. ಸಾರ್ ಕುಡಿಯಲಿಲ್ಲ. ಹೊರಡುವಾಗ ನಾನು "ಸಾರ್, ಬರ್ತೀನಿ" ಎಂದದ್ದಕ್ಕೆ ತಲೆಯಾಡಿಸಿದರು. ಲಿಫ್ಟಿನವರೆಗೆ ಬರಲಿಲ್ಲ.

ಆ ವರ್ಷ ಯುಗಾದಿಗೆ ಹೋಗುವುದು ಬೇಡವೆಂದುಕೊಂಡೆ, ಮತ್ತೆ ಹೋದೆ. ಹೋಗದಿದ್ದರೆ ತಲೆ ಮರೆಸಿಕೊಂಡ ಹಾಗಾಗುತ್ತದೆ. ಪಂಕ್ತಿಯಲ್ಲಿ ಸಾರ್ ಕೂತಿದ್ದರು. ಅದೇ ಬ್ಯಾಂಕಿನವರು ಪಕ್ಕದಲ್ಲಿ. ನಾನು ಸಾರಿನ ಪಾತ್ರೆ ಹಿಡಿದು ಆ ಸಾಲಿಗೆ ಬಂದಾಗ ಬ್ಯಾಂಕಿನವರು ಜೋರಾಗಿ ಕೇಳಿದರು, "ಏನ್ ಸಾರ್, ಫ್ರಿಜ್ಜಲ್ಲಿಟ್ಟ ಗಿಡ ಏನಾಯ್ತು?"

ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಎಲ್ಲರ ಎದುರು ಅವರು ಒಂದು ಮಾತು ಹೇಳಿದರೆ ಸಾಕಿತ್ತು, ಹೇಳುವ ಹಕ್ಕೂ ಇತ್ತು.

"ಬೇರು ಬಿಟ್ಟಿದೆ" ಎಂದರು ಸಾರ್. ಆಮೇಲೆ ನನ್ನ ಕಡೆ ಎಲೆ ತಳ್ಳಿ, "ಸ್ವಲ್ಪ ಹಾಕಿ" ಎಂದರು. ಅಷ್ಟೆ. ಬೇರೆ ಮಾತಿಲ್ಲ. ಬೇರು ಬಿಟ್ಟಿತ್ತೆಂಬುದು ನನಗೂ ಆಗಲೇ ಗೊತ್ತಾದದ್ದು.

ಮತ್ತೆ ನವೆಂಬರ್ ಕೊನೆ. ಫೋನು ಬಂತು. "ಚಾಕಲೇಟಿನ ರೂಮಲ್ಲಿ ಜಾಗ ಇದೆಯಾ?"

"ಯಾರಿಗೆ ಸಾರ್?" ಎಂದು ಕೇಳಿದೆ. ಎಂಥ ಪ್ರಶ್ನೆ.

"ಹೋದ ಸಲ ಬಂದಿದ್ದೋರಿಗೇ" ಎಂದರು.

ಈ ಸಲ ಅವರೇ ಟ್ಯಾಕ್ಸಿಯಲ್ಲಿ ಕಾಕಿ ಬುಕಿತ್‌ಗೆ ತಂದರು. ಹೊಸ ಕುಂಡದಲ್ಲಿ ಆ ಮೊಳದುದ್ದ ನಿಂತಿತ್ತು. ತುದಿಯಲ್ಲಿ ಒಂದು ಗೇಣು ಹೊಸ ಚಿಗುರು, ಹಳೆಯದಕ್ಕಿಂತ ದಪ್ಪ, ಕಡುಹಸಿರು. ಹೋದ ವರ್ಷ ಅರ್ಧ ತಿಂಗಳು ಕಡಿಮೆಯಾದರೂ ನಿದ್ದೆ ಸಿಕ್ಕಿತ್ತಲ್ಲ, ಅದರ ಫಲ ಎಂದರು ಸಾರ್. ನಾನು ಅವರಿಗೆ ಐದೂ ರೂಮು ತೆರೆದು ತೋರಿಸಿದೆ. ಮೀನಿನ ರೂಮಿನಲ್ಲಿ ಕನ್ನಡಕ ಮಂಜಾಗಿ ಮಗುವಿನ ಹಾಗೆ ನಕ್ಕರು. ಕುಂಡವನ್ನು ಅವರೇ ಮೂಲೆಗಿಟ್ಟು, ಮುಂಭಾಗ ಬಾಗಿಲ ಕಡೆಗೆ ತಿರುಗಿಸಿ, ನನ್ನ ಕಡೆ ನೋಡದೆ ಹೋದರು.

ಟ್ಯಾಕ್ಸಿ ತಿರುಗಿದ ಮೇಲೆ ನೋಡಿದೆ. ಕುಂಡದ ಮೇಲೆ ಅಂಗೈಯಗಲ ಬಿಳಿಯ ಕಾಗದ ಅಂಟಿಸಿ, ನೀರಿಗೆ ಹೋಗದ ಕಪ್ಪು ಶಾಯಿಯಲ್ಲಿ, ಬೋರ್ಡಿನ ಮೇಲೆ ಬರೆಯುವವರ ದುಂಡನೆಯ ಅಕ್ಷರದಲ್ಲಿ ಬರೆದಿದ್ದರು: ನೀರು ಹಾಕಬೇಡಿ. ಹಬ್ಬಕ್ಕೂ.

ಆ ಕಟ್ಟಡದಲ್ಲಿ ಚೀನೀ ಓದುವವರಿದ್ದರು, ತಮಿಳು, ಬಂಗಾಳಿ, ಮಲಯ ಓದುವವರಿದ್ದರು. ಕನ್ನಡ ಓದುವವನು ನಾನೊಬ್ಬನೇ. ಮೊದಲು ಮುಖ ಬಿಸಿಯಾಯಿತು. ಕಿತ್ತುಹಾಕಲು ಉಗುರು ಒಂದು ಮೂಲೆಗೆ ಹೋಗಿಯೂ ಆಗಿತ್ತು. ಆಮೇಲೆ ಯೋಚಿಸಿದೆ. ನಂಬಿಕೆಯಿಲ್ಲದವರು ಗಿಡವನ್ನೇ ತರುತ್ತಿರಲಿಲ್ಲ. ನನ್ನನ್ನು ನಾಲ್ಕು ಜನರ ಮುಂದೆ ಸಣ್ಣವನು ಮಾಡಬೇಕೆಂದಿದ್ದವರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದೆ.

ಫೋರ್ಕ್‌ಲಿಫ್ಟಿನವನು ಗಾಡಿಯಿಂದ ಬಗ್ಗಿ ಕುಂಡ ನೋಡಿದ. "ಏನಯ್ಯಾ ಅದು, ಜಿಲೇಬಿ ಜಿಲೇಬಿ ಥರ ಬರೆದಿರೋದು?"

"ಗಿಡದ ಹೆಸರು" ಎಂದೆ.